ಒಂದೇ ಕೋಶದಲ್ಲಿ ಎರಡು ಹರ್ಪಿಸ್ ವೈರಸ್: ಎರಡನೆಯದು ಕಾಣದಿದ್ದರೆ ದೋಷ ಹುಡುಕುವ ಬಗೆ

ಹಸಿರು ಹೊಳೆಯುವ ಎಚ್‌ಎಸ್‌ವಿ-1, ಕೆಂಪು ಹೊಳೆಯುವ ಎಚ್‌ಎಸ್‌ವಿ-2: ಹೊಳೆಯುವ ಪ್ರೋಟೀನಿನ ಜೀನ್ ಸೇರಿಸಿದ, ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಎರಡು ಬಗೆಗಳು. ಎರಡನ್ನೂ ಒಂದೇ ವೆಲ್‌ನ (ತಟ್ಟೆಯ ಒಂದು ಗುಳಿಯ) ಕೋಶಗಳಿಗೆ ಹಾಕಿ ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಸಿರು ಕೋಶಗಳಿವೆ, ಕೆಂಪು ಕೋಶಗಳಿವೆ, ಎರಡೂ ಬಣ್ಣ ಇರುವವು ಮಾತ್ರ ಬೆರಳೆಣಿಕೆಯಷ್ಟು. ಹೀಗಾದಾಗ "ಒಂದು ವೈರಸ್ ಇನ್ನೊಂದನ್ನು ತಡೆಯುತ್ತಿದೆ" ಎಂದು ಅಲ್ಲೇ ಬರೆದು ಮುಗಿಸುವವರು ಹೆಚ್ಚು. ತಡೆ ಇರಲೂಬಹುದು, ಹರ್ಪಿಸ್ ವೈರಸ್‌ಗಳಲ್ಲಿ ಅದು ನಿಜವಾದ ವಿದ್ಯಮಾನ. ಆದರೆ ಇದೇ ಚಿತ್ರ ಬೇರೆ ಹಲವು ಕಾರಣಗಳಿಂದಲೂ ಬರುತ್ತದೆ. ಅವುಗಳಲ್ಲಿ ಬಹುಪಾಲು ವೈರಸ್ಸಿನದ್ದಲ್ಲ, ನಮ್ಮ ಅಳತೆಯದ್ದು. ಆ ಕಾರಣಗಳನ್ನು ಯಾವ ಕ್ರಮದಲ್ಲಿ ಒಂದೊಂದಾಗಿ ತಳ್ಳಿಹಾಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿಯದು ಆಮೇಲೆ.

ಮೊದಲು ಲೆಕ್ಕ

ಎರಡು ಬಣ್ಣದ ಕೋಶಗಳು ಕಡಿಮೆ ಎನ್ನುತ್ತೇವಲ್ಲ, ಎಷ್ಟಕ್ಕಿಂತ ಕಡಿಮೆ? ಈ ಸಂಖ್ಯೆ ಕೈಯಲ್ಲಿಲ್ಲದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಎಂಒಐ ಎಂದರೆ ಒಂದು ಕೋಶಕ್ಕೆ ಸರಾಸರಿ ಎಷ್ಟು ಸೋಂಕುಕಾರಕ ಕಣ ಹಾಕಿದ್ದೇವೆ ಎಂಬ ಲೆಕ್ಕ. ಸರಾಸರಿ 1 ಎಂದಾಕ್ಷಣ ಪ್ರತಿ ಕೋಶಕ್ಕೂ ಒಂದೊಂದು ಕಣ ಸಿಕ್ಕಿರುವುದಿಲ್ಲ. ಕಣಗಳು ಪ್ವಾಸೋನ್ ಹಂಚಿಕೆಯ ಪ್ರಕಾರ ಬೀಳುತ್ತವೆ. ಎಂಒಐ 1 ಇದ್ದಾಗ ಶೇ 37ರಷ್ಟು ಕೋಶಗಳಿಗೆ ಏನೂ ಸಿಗುವುದಿಲ್ಲ, ಉಳಿದ ಶೇ 63ಕ್ಕೆ ಒಂದೋ ಅದಕ್ಕಿಂತ ಹೆಚ್ಚೋ ಸಿಗುತ್ತದೆ. ಎರಡೂ ವೈರಸ್‌ಗಳನ್ನು ಎಂಒಐ 1ರಲ್ಲಿ ಹಾಕಿದರೆ, ಒಂದರ ಹಂಗಿಲ್ಲದೆ ಇನ್ನೊಂದು ಕೋಶಕ್ಕೆ ಇಳಿದರೂ, ಎರಡೂ ಸೇರಿರುವ ಕೋಶಗಳು 0.63 ಗುಣಿಸು 0.63, ಅಂದರೆ ಸುಮಾರು ಶೇ 40 ಮಾತ್ರ. ಎಂಒಐ 0.5 ಆದರೆ ಅದು ಶೇ 15ರ ಆಸುಪಾಸಿಗೆ ಇಳಿಯುತ್ತದೆ. 0.1 ಆದರೆ ಶೇ 1 ಕೂಡ ಇಲ್ಲ. 3ಕ್ಕೆ ಏರಿಸಿದರೆ ಶೇ 90, 5ಕ್ಕೆ ಏರಿಸಿದರೆ ಶೇ 98ರ ಮೇಲೆ. ಎಂಒಐ 0.1ರಲ್ಲಿ ನೂರು ಕೋಶ ಎಣಿಸಿ ಒಂದೇ ಒಂದು ಜೋಡಿ ಬಣ್ಣದ ಕೋಶ ಕಂಡರೆ ಅಲ್ಲಿ ತಡೆಯೇನೂ ನಡೆದಿಲ್ಲ, ಲೆಕ್ಕ ಹೇಳಿದಷ್ಟೇ ಬಂದಿದೆ.

ಎಂಒಐ ಸಂಖ್ಯೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಟೈಟರ್ (ಸೋಂಕುಕಾರಕ ಕಣಗಳ ಸಾಂದ್ರತೆ) ಅಳೆದದ್ದು ಕೋತಿಯ ಮೂತ್ರಪಿಂಡದಿಂದ ಬಂದ ವೆರೋ ಕೋಶಗಳಲ್ಲಿ, ಪ್ರಯೋಗ ನಡೆದದ್ದು ಚರ್ಮದ ಕೆರಟಿನೋಸೈಟ್‌ಗಳಲ್ಲೋ ನರಕೋಶಗಳಲ್ಲೋ ಆಗಿದ್ದರೆ ಆ ಎಂಒಐ ಬರೀ ಕಾಗದದ ಮೇಲಿನದು. ಸ್ಟಾಕ್, ಅಂದರೆ ಕೂಡಿಟ್ಟ ವೈರಸ್ ದ್ರವ, ಎಷ್ಟು ಸಲ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಎಷ್ಟು ದ್ರವದಲ್ಲಿ ಎಷ್ಟು ಹೊತ್ತು ಕೋಶಗಳ ಮೇಲಿತ್ತು, ಎಲ್ಲವೂ ಅದನ್ನು ಬದಲಿಸುತ್ತವೆ. ಆದ್ದರಿಂದ ಕಾಗದದ ಎಂಒಐ ಬಿಟ್ಟು ಅದೇ ದಿನ, ಅದೇ ಕೋಶಗಳಲ್ಲಿ, ಹಸಿರು ಮಾತ್ರ ಹಾಕಿದ ವೆಲ್ ಮತ್ತು ಕೆಂಪು ಮಾತ್ರ ಹಾಕಿದ ವೆಲ್ ಇಟ್ಟುಕೊಳ್ಳಿ. ಅವೆರಡರಲ್ಲಿ ಕಂಡ ಪ್ರಮಾಣಗಳನ್ನು ಗುಣಿಸಿದರೆ ಬರುವುದೇ ನಿಮ್ಮ ನಿರೀಕ್ಷೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಸಿರು ವೈರಸ್ಸಿನ ಜೊತೆ ಅದರದೇ ಬಣ್ಣವಿಲ್ಲದ ಮೂಲ ತಳಿಯನ್ನು ಕೆಂಪಿನಷ್ಟೇ ಪ್ರಮಾಣದಲ್ಲಿ ಸೇರಿಸಿದ ಒಂದು ವೆಲ್ ಇಡುವುದು ಒಳ್ಳೆಯದು. ಒಟ್ಟು ಕಣಗಳ ಸಂಖ್ಯೆ ಹೆಚ್ಚಾದದ್ದರಿಂದಲೇ ಹಸಿರು ಇಳಿಯಿತೋ, ಕೆಂಪು ಎಂಬ ಬೇರೆ ವೈರಸ್ ಬಂದದ್ದರಿಂದ ಇಳಿಯಿತೋ ಎಂಬುದನ್ನು ಈ ವೆಲ್ ಹೇಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಒತ್ತಿ ಹೇಳಬೇಕು. ಒಂದು ವೆಲ್‌ನ ಕೋಶಗಳೆಲ್ಲ ಒಂದೇ ತರಹದವಲ್ಲ. ದೊಡ್ಡ ಕೋಶ, ರಿಸೆಪ್ಟರ್ (ವೈರಸ್ ಹಿಡಿದುಕೊಳ್ಳುವ ಪ್ರೋಟೀನು) ಹೆಚ್ಚಿರುವ ಕೋಶ ಎರಡೂ ವೈರಸ್‌ಗಳಿಗೆ ಸುಲಭವಾಗಿ ಸಿಗುತ್ತದೆ. ಹೀಗಾಗಿ ತಡೆಯೇ ಇಲ್ಲದ ವೆಲ್‌ನಲ್ಲಿ ಜೋಡಿ ಬಣ್ಣದ ಕೋಶಗಳು ಗುಣಲಬ್ಧಕ್ಕಿಂತ ತುಸು ಹೆಚ್ಚೇ ಇರಬೇಕು. ಗುಣಲಬ್ಧಕ್ಕೆ ಸರಿಸಮ ಬಂದಿತೆಂದು ನಿಟ್ಟುಸಿರು ಬಿಡಬೇಡಿ, ಸಣ್ಣ ತಡೆಯೊಂದು ಅದರೊಳಗೆ ಅಡಗಿರಬಹುದು.

ಬಣ್ಣ ಸುಳ್ಳು ಹೇಳುವ ದಾರಿಗಳು

ಲೆಕ್ಕ ಸರಿಯಿದ್ದೂ ಕೊರತೆ ಉಳಿದರೆ ಮುಂದಿನ ಅನುಮಾನ ಬಣ್ಣದ ಮೇಲೆ. ಹಸಿರಿನ ಜೀನ್ ಶುರುವಿನಲ್ಲೇ ಕೆಲಸ ಮಾಡುವ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಹಿಂದಿದ್ದು, ಕೆಂಪು ಪ್ರೋಟೀನನ್ನು ವಿಪಿ26ರಂಥ ತಡವಾಗಿ ತಯಾರಾಗುವ ಕ್ಯಾಪ್ಸಿಡ್ (ವೈರಸ್ಸಿನ ಒಳಚಿಪ್ಪು) ಪ್ರೋಟೀನಿಗೆ ಅಂಟಿಸಿದ್ದರೆ, ಸೋಂಕಿನ 5ನೇ ಗಂಟೆಯಲ್ಲಿ ಕೆಂಪು ಕಾಣದಿರುವುದು ಸಹಜ. ಕೆಂಪು ಪ್ರೋಟೀನುಗಳಲ್ಲಿ ಡಿಎಸ್‌ರೆಡ್‌ನಂಥ ಹಳೆಯವು ಮಾಗಿ ಹೊಳೆಯಲು ಗಂಟೆಗಟ್ಟಲೆ ಹಿಡಿಯುತ್ತವೆ. ಎಚ್‌ಎಸ್‌ವಿ-2ರ ವಿಎಚ್‌ಎಸ್ ಪ್ರೋಟೀನು ಎಚ್‌ಎಸ್‌ವಿ-1ರದಕ್ಕಿಂತ ಚುರುಕು. ಕಣದ ಜೊತೆಗೇ ಒಳಬಂದು ಎಂಆರ್‌ಎನ್‌ಎಗಳನ್ನು ಕತ್ತರಿಸತೊಡಗುವ ಪ್ರೋಟೀನದು. ಅದರ ಹೊಡೆತಕ್ಕೆ ಪಕ್ಕದ ವೈರಸ್ಸಿನ ಬಣ್ಣ ಮಂಕಾದರೆ ಅದನ್ನು ಪ್ರವೇಶದ ತಡೆ ಎಂದು ಓದಬಾರದು.

ಪ್ರೊಮೋಟರಿನ, ಮಾಗುವ ಹೊತ್ತಿನ ದೋಷಗಳೆರಡಕ್ಕೂ ಒಂದೇ ಪರೀಕ್ಷೆ ಸಾಕು: ಬಣ್ಣ ಅದಲುಬದಲು ಮಾಡಿ. ಎಚ್‌ಎಸ್‌ವಿ-1 ಕೆಂಪಾಗಿ, ಎಚ್‌ಎಸ್‌ವಿ-2 ಹಸಿರಾಗಿ ಅದೇ ಪ್ರಯೋಗ ನಡೆಯಲಿ. ಕೊರತೆ ಬಣ್ಣದ ಹಿಂದೆ ಹೋದರೆ ದೋಷ ರಿಪೋರ್ಟರಿನದು, ಅಂದರೆ ಬಣ್ಣ ಕೊಡುವ ಜೀನಿನದು; ವೈರಸ್ಸಿನ ಹಿಂದೆ ಹೋದರೆ ಜೀವಶಾಸ್ತ್ರದ್ದು (ವಿಎಚ್‌ಎಸ್‌ನ ಹೊಡೆತವೂ ಇದರಲ್ಲೇ ಸೇರುತ್ತದೆ). ಅದಲುಬದಲಿನ ತಳಿ ಕೈಗೆ ಸಿಗದವರು ಆಂಟಿಬಾಡಿ ಹಾಕಿ ನೋಡುತ್ತಾರೆ. ಆದರೆ ಇವೆರಡೂ ಹತ್ತಿರದ ಬಂಧುಗಳಾದ್ದರಿಂದ ಹೆಚ್ಚಿನ ಆಂಟಿಬಾಡಿಗಳು ಎರಡನ್ನೂ ಹಿಡಿಯುತ್ತವೆ. ಒಂದನ್ನಷ್ಟೇ ಗುರುತಿಸಬೇಕೆಂದರೆ ಗ್ಲೈಕೋಪ್ರೋಟೀನ್ ಜಿ ವಿರುದ್ಧದ, ಬಗೆ ಗುರುತಿಸುವ ಆಂಟಿಬಾಡಿ ಬೇಕು.

ಇದರ ತಿರುಗುಮುರುಗಾದ ದೋಷವೂ ಇದೆ. ಜೋಡಿ ಬಣ್ಣದ ಕೋಶಗಳು ಧಾರಾಳವಾಗಿ ಕಾಣುತ್ತವೆ, ಆದರೆ ಅವು ಜೋಡಿ ಸೋಂಕಲ್ಲ. ಜಿಬಿ ಅಥವಾ ಜಿಕೆ ಗ್ಲೈಕೋಪ್ರೋಟೀನಿನಲ್ಲಿ ಕೆಲವು ಬದಲಾವಣೆಗಳಿರುವ ತಳಿಗಳು ಅಕ್ಕಪಕ್ಕದ ಕೋಶಗಳನ್ನು ಬೆಸೆದುಬಿಡುತ್ತವೆ. ಹಸಿರು ಕೋಶವೊಂದು, ಕೆಂಪು ಕೋಶವೊಂದು ಬೆಸೆದುಕೊಂಡರೆ ಒಳಗಿನ ರಸವೆಲ್ಲ ಕಲೆತು ಹಳದಿ ಕಾಣುತ್ತದೆ. ನ್ಯೂಕ್ಲಿಯಸ್‌ಗಳಿಗೆ ಬಣ್ಣ ಹಾಕಿ ಎಣಿಸಿದರೆ ಗುಟ್ಟು ತಿಳಿಯುತ್ತದೆ: ಒಂದೇ ನ್ಯೂಕ್ಲಿಯಸ್ ಇರುವ ಜೋಡಿ ಬಣ್ಣದ ಕೋಶವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಕೋಶಗಳನ್ನು ಒಂದೊಂದಾಗಿ ಹಾಯಿಸಿ ಬಣ್ಣ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಒಟ್ಟಿಗೆ ಅಂಟಿ ಹೋಗುವ ಎರಡು ಕೋಶಗಳೂ ಇದೇ ಮೋಸ ಮಾಡುತ್ತವೆ, ಆ ಜೋಡಿಗಳನ್ನು ಗೇಟ್ ಹಾಕಿ ಹೊರಗಿಡಬೇಕು. ಹಸಿರಿನ ಬೆಳಕು ಕೆಂಪಿನ ಚಾನೆಲ್ಲಿಗೆ ಸೋರುತ್ತಿದೆಯೇ ಎಂಬುದಕ್ಕೆ ಒಂಟಿ ಬಣ್ಣದ ವೆಲ್‌ಗಳು ಹೇಗೂ ಇವೆ.

ಗಡಿಯಾರ ನೋಡಿ

ಇಷ್ಟನ್ನೂ ದಾಟಿ ಬಂದರೆ ನಿಜವಾದ ತಡೆಯ ಸಾಧ್ಯತೆ ಗಟ್ಟಿಯಾಗುತ್ತದೆ. ಅದರ ಮೊದಲ ಗುರುತು ಸಮಯ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್‌ಎಸ್‌ವಿ-1 ಮತ್ತು ಹಂದಿಗಳ ಸ್ಯೂಡೋರೇಬೀಸ್ ವೈರಸ್ (ಇದೂ ಹರ್ಪಿಸ್ ಕುಟುಂಬದ್ದೇ) ಎರಡರಲ್ಲೂ ಇದನ್ನು ಅಳೆಯಿತು. ಮೊದಲ ವೈರಸ್ ಒಳಹೋದ 2 ಗಂಟೆಯೊಳಗೆ ಬಹುಪಾಲು ಕೋಶಗಳು ಎರಡನೆಯದಕ್ಕೆ ಬಾಗಿಲು ಮುಚ್ಚಿದ್ದವು. ಸೂಪರ್‌ಇನ್ಫೆಕ್ಷನ್ ಎಕ್ಸ್‌ಕ್ಲೂಷನ್ ಎಂದು ಕರೆಯುವುದು ಇದನ್ನೇ.

2 ಗಂಟೆ ಎಂಬುದು ಪ್ರಯೋಗಾಲಯದಲ್ಲಿ ಎಷ್ಟು ಕಡಿಮೆ ಅವಧಿ ಎಂದು ಯೋಚಿಸಿ. ಮೊದಲ ವೈರಸ್ಸನ್ನು ಒಂದು ಗಂಟೆ ಅಂಟಲು ಬಿಟ್ಟು, ತೊಳೆದು, ಮೀಡಿಯಂ ಬದಲಿಸಿ, ಎರಡನೆಯದನ್ನು ಮತ್ತೊಂದು ಗಂಟೆ ಬಿಟ್ಟರೆ ಆ ಕಿಟಕಿಯ ಬಹುಭಾಗ ಕಳೆದೇ ಹೋಯಿತು. "ಒಟ್ಟಿಗೆ ಹಾಕಿದೆವು" ಎಂದು ಬರೆದ ಪ್ರಯೋಗದಲ್ಲೂ ಹೀಗೆ ಅಂತರ ನುಸುಳಿರುತ್ತದೆ. ಆದ್ದರಿಂದ ಎರಡನ್ನೂ ಮೊದಲೇ ಒಂದೇ ಟ್ಯೂಬಿನಲ್ಲಿ ಬೆರೆಸಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಅಂಟಲು ಬಿಟ್ಟು, ನಂತರ 37 ಡಿಗ್ರಿಗೆ ಏರಿಸಿ. ತಣ್ಣಗಿರುವಾಗ ಕಣಗಳು ಕೋಶಕ್ಕೆ ಅಂಟುತ್ತವೆಯೇ ಹೊರತು ಒಳಹೋಗುವುದಿಲ್ಲ, ಬಿಸಿಯಾದಾಗ ಎಲ್ಲವೂ ಒಮ್ಮೆಗೇ ಹೊರಡುತ್ತವೆ. ಹೊರಗೇ ಉಳಿದ ಕಣಗಳನ್ನು ಪಿಎಚ್ 3ರ ಸಿಟ್ರೇಟ್ ದ್ರಾವಣದಿಂದ ಒಂದು ನಿಮಿಷ ತೊಳೆದು ನಿಷ್ಕ್ರಿಯಗೊಳಿಸಿದರೆ ಸೋಂಕಿನ ಸಮಯ ಖಚಿತವಾಗುತ್ತದೆ. ಇದು ಸೊನ್ನೆ ಗಂಟೆಯ ವೆಲ್. ಇದರ ಪಕ್ಕದಲ್ಲಿ ಎರಡನೆಯ ವೈರಸ್ಸನ್ನು ಅರ್ಧ, ಒಂದು, ಎರಡು, ನಾಲ್ಕು ಗಂಟೆ ತಡವಾಗಿ ಹಾಕಿದ ವೆಲ್‌ಗಳಿರಲಿ.

ಸೊನ್ನೆ ಗಂಟೆಯಲ್ಲಿ ಜೋಡಿ ಬಣ್ಣ ನಿರೀಕ್ಷೆಯಷ್ಟಿದ್ದು, ತಡವಾದಂತೆಲ್ಲ ಇಳಿಯುತ್ತ ಬಂದರೆ ಅದು ಎಕ್ಸ್‌ಕ್ಲೂಷನ್‌ನದೇ ಗುರುತು. ಸೊನ್ನೆ ಗಂಟೆಯಲ್ಲೇ ಕೊರತೆ ಇದ್ದು ನಂತರ ಬದಲಾಗದಿದ್ದರೆ ಹಿಂದಕ್ಕೆ ಹೋಗಿ ಡೋಸ್, ರಿಸೆಪ್ಟರ್, ರಿಪೋರ್ಟರ್ ಮತ್ತೆ ನೋಡಿ. ಕ್ರಮ ತಿರುಗಿಸಿಯೂ ನಡೆಸಬೇಕು, ಎಚ್‌ಎಸ್‌ವಿ-2 ಮೊದಲು, ಎಚ್‌ಎಸ್‌ವಿ-1 ಆಮೇಲೆ. ಯಾವುದು ಮೊದಲು ಬಂದರೂ ಅದೇ ಗೆಲ್ಲುತ್ತಿದ್ದರೆ ಒಂದು ಮಾತು, ಒಂದೇ ಬಗೆ ಎರಡು ಕ್ರಮದಲ್ಲೂ ಗೆಲ್ಲುತ್ತಿದ್ದರೆ ಅದು ಎಕ್ಸ್‌ಕ್ಲೂಷನ್ ಅಲ್ಲ, ಬೆಳವಣಿಗೆಯ ವೇಗದ ಪೈಪೋಟಿ.

ತಡೆಯುತ್ತಿರುವುದು ಯಾವುದು

ಹಳೆಯ ವಿವರಣೆ ಜಿಡಿ ಎಂಬ ಗ್ಲೈಕೋಪ್ರೋಟೀನನ್ನು ತೋರಿಸುತ್ತದೆ. ಈ ವೈರಸ್‌ಗಳು ನೆಕ್ಟಿನ್-1ರಂಥ ರಿಸೆಪ್ಟರನ್ನು ಹಿಡಿಯುವುದು ಜಿಡಿಯಿಂದ. ಜಿಡಿಯನ್ನು ಹೇರಳವಾಗಿ ತಯಾರಿಸುವಂತೆ ಮಾಡಿದ ಕೋಶಗಳು ಸೋಂಕಿಗೆ ಜಗ್ಗುವುದಿಲ್ಲ ಎಂದು 1980ರ ದಶಕದ ಕೊನೆಯಲ್ಲೇ ತಿಳಿದಿತ್ತು. ಕೋಶದೊಳಗಿನ ಜಿಡಿ ರಿಸೆಪ್ಟರುಗಳನ್ನು ತಾನೇ ಹಿಡಿದಿಟ್ಟುಕೊಂಡರೆ ಹೊರಗಿನಿಂದ ಬಂದ ಕಣಕ್ಕೆ ಏನೂ ಉಳಿಯುವುದಿಲ್ಲ. ಸ್ಯೂಡೋರೇಬೀಸ್‌ನ ಜಿಡಿ ಇರುವ ಕೋಶ ಎಚ್‌ಎಸ್‌ವಿಯನ್ನೂ ತಡೆಯಿತು ಎಂಬುದರಿಂದ ಈ ವಾದ ಬಲವಾಯಿತು.

ಆದರೆ ಈ ವಾದ ಕೇಳಲು ಚೆಂದ ಎಂದು ಅಲ್ಲೇ ನಿಲ್ಲುವ ಹಾಗಿಲ್ಲ. ಮೇಲೆ ಹೇಳಿದ 2016ರ ಅಧ್ಯಯನದಲ್ಲಿ ಹೊಸದಾಗಿ ಜಿಡಿ ತಯಾರಿಸಲಾರದ ಸ್ಯೂಡೋರೇಬೀಸ್ ತಳಿಯೂ ಎರಡನೆಯ ವೈರಸ್ಸನ್ನು ತಡೆಯಿತು. ಜಿಡಿ ಒಂದು ದಾರಿ ಇರಬಹುದು, ಆದರೆ ಆರಂಭದ 2 ಗಂಟೆಯ ತಡೆಗೆ ಅದು ಅನಿವಾರ್ಯವಲ್ಲ. ಬೇಕಾದದ್ದು ಹೊಸ ಪ್ರೋಟೀನಿನ ತಯಾರಿಕೆ. ಹಾಗಾಗಿ ನಿಮ್ಮ ತಡೆ ಯಾವ ಹಂತದ್ದು ಎಂದು ತಿಳಿಯಲು ಮೂರು ವೆಲ್ ಬೇಕು. ಒಂದರಲ್ಲಿ ಮೊದಲ ವೈರಸ್ ಯುವಿ ಬೆಳಕಿನಿಂದ ನಿಷ್ಕ್ರಿಯವಾದದ್ದು. ಕಣ ಕೋಶಕ್ಕೆ ಅಂಟಿ ಒಳಗೂ ಹೋಗುತ್ತದೆ, ಜೀನ್‌ಗಳು ಮಾತ್ರ ಮಾತಾಡುವುದಿಲ್ಲ. ಇದರಿಂದಲೂ ತಡೆ ಬಂದರೆ ರಿಸೆಪ್ಟರ್ ಅಥವಾ ಕಣದೊಳಗಿನ ಪ್ರೋಟೀನುಗಳ ಕಡೆ ನೋಡಿ. ಇನ್ನೊಂದರಲ್ಲಿ ಫಾಸ್ಫೋನೋಅಸಿಟಿಕ್ ಆಮ್ಲ. ಡಿಎನ್‌ಎ ನಕಲು ನಿಂತಾಗಲೂ ತಡೆ ಉಳಿದರೆ ತಡವಾದ ಜೀನ್‌ಗಳ ಪಾತ್ರವಿಲ್ಲ. ಮೂರನೆಯದರಲ್ಲಿ ಪ್ರೋಟೀನಿನ ತಯಾರಿಕೆಯನ್ನೇ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್. ಇದು ಇದ್ದಷ್ಟು ಹೊತ್ತು ಎರಡನೆಯ ವೈರಸ್ಸೂ ಬಣ್ಣ ತೋರಿಸಲಾರದು, ಆದ್ದರಿಂದ ತೊಳೆದು ತೆಗೆಯಲೇಬೇಕು. ತೊಳೆದ ಗಳಿಗೆಯಲ್ಲಿ ಅಷ್ಟು ಹೊತ್ತು ಕೂಡಿಟ್ಟಿದ್ದ ಮೊದಲ ವೈರಸ್ಸಿನ ಎಂಆರ್‌ಎನ್‌ಎ ಎಲ್ಲ ಒಮ್ಮೆಗೇ ಪ್ರೋಟೀನಾಗುತ್ತದೆ. ಎರಡನೆಯ ವೈರಸ್ಸನ್ನು ತೊಳೆಯುವ ಮೊದಲೇ ಅಂಟಿಸಿಟ್ಟಿರದಿದ್ದರೆ ಈ ಅಬ್ಬರವೇ ಫಲಿತಾಂಶವನ್ನು ಕೆಡಿಸುತ್ತದೆ.

ಸೋಂಕು ತಗುಲಿದ ಕೋಶ ಹೊರಬಿಡುವ ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನು ಕೂಡ ಇಂಥದೇ ಚಿತ್ರ ಬಿಡಿಸಬಲ್ಲದು. ವ್ಯತ್ಯಾಸ ಇಷ್ಟೆ, ಇಂಟರ್‌ಫೆರಾನ್‌ನ ತಡೆ ಪಕ್ಕದ ಸೋಂಕಿಲ್ಲದ ಕೋಶಕ್ಕೂ ಹರಡುತ್ತದೆ, ಎಕ್ಸ್‌ಕ್ಲೂಷನ್ ಸೋಂಕಿತ ಕೋಶದೊಳಗೇ ಇರುತ್ತದೆ. ವೆರೋ ಕೋಶಗಳಿಗೆ ಟೈಪ್ 1 ಇಂಟರ್‌ಫೆರಾನ್ ತಯಾರಿಸುವ ಶಕ್ತಿಯಿಲ್ಲ. ಅಲ್ಲೂ ತಡೆ ಹಾಗೆಯೇ ಇದ್ದರೆ ಇಂಟರ್‌ಫೆರಾನನ್ನು ಪಟ್ಟಿಯಿಂದ ಕೈಬಿಡಬಹುದು.

ಒಳಗೆ ಬಂದೂ ಮೌನವಾಗಿರುವ ಜೀನೋಮ್

ಎಲ್ಲ ದೋಷಗಳಲ್ಲಿ ನನಗೆ ಅತಿ ಕುತೂಹಲಕಾರಿ ಎನಿಸುವುದು ಇದೇ, ಅತಿ ಹೆಚ್ಚು ಸಲ ಕಣ್ತಪ್ಪುವುದೂ ಇದೇ. 2010ರಲ್ಲಿ ಮೂರು ಬಣ್ಣದ ಸ್ಯೂಡೋರೇಬೀಸ್ ತಳಿಗಳಿಂದ ನಡೆದ ಕೆಲಸವೊಂದು ತೋರಿಸಿದ್ದೇನೆಂದರೆ, ಕೋಶಕ್ಕೆ ಎಷ್ಟೇ ಕಣ ಸುರಿದರೂ ಜೀನ್‌ಗಳನ್ನು ತೆರೆದು ನಕಲಾಗುವ ಜೀನೋಮ್‌ಗಳು ಸರಾಸರಿ ಏಳಕ್ಕಿಂತ ಕಡಿಮೆ. ಉಳಿದವು ಒಳಗೆ ಬಂದೂ ಸುಮ್ಮನಿರುತ್ತವೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಏಳು ಜೀನೋಮ್ ಎಂದೇ ಇಟ್ಟುಕೊಳ್ಳೋಣ. ಹಸಿರು ಕೆಂಪು ಸಮಸಮ ಇದ್ದರೆ ಏಳೂ ಒಂದೇ ಬಣ್ಣದವಾಗುವ ಸಂಭವ ಶೇ 2ರ ಒಳಗೆ, ಅಂದರೆ ಬಹುತೇಕ ಎಲ್ಲ ಕೋಶಗಳೂ ಜೋಡಿ ಬಣ್ಣ ತೋರಿಸಬೇಕು. ಆದರೆ ಹಸಿರು ಹತ್ತಕ್ಕೆ ಕೆಂಪು ಒಂದು ಎಂಬ ಅನುಪಾತವಿದ್ದರೆ, ಏಳೂ ಹಸಿರಾಗುವ ಸಂಭವ ಹನ್ನೊಂದರಲ್ಲಿ ಹತ್ತು ಭಾಗವನ್ನು ಏಳು ಸಲ ಗುಣಿಸಿದಷ್ಟು, ಸುಮಾರು ಶೇ 51. ಪ್ರತಿ ಕೋಶಕ್ಕೂ ಎರಡೂ ವೈರಸ್ ಬೇಕಾದಷ್ಟು ಸಿಕ್ಕಿದ್ದರೂ ಅರ್ಧದಷ್ಟು ಕೋಶಗಳಲ್ಲಿ ಕೆಂಪಿನ ಸುಳಿವೇ ಇರುವುದಿಲ್ಲ. ಯಾವ ತಡೆಯೂ ಇಲ್ಲದೆ ತಡೆಯಂತೆಯೇ ಕಾಣುವ ಫಲಿತಾಂಶ ಇದು. ಕೆಂಪಿನ ಎಂಒಐ 5 ಇದ್ದರೂ ಹಸಿರಿನದು 50 ಆದರೆ ಈ ಬಲೆಗೆ ಬೀಳುತ್ತೀರಿ.

ಇನ್ನೊಂದು ತೊಡಕೆಂದರೆ ಇಲ್ಲಿ ಮುಖ್ಯವಾಗುವ ಅನುಪಾತ ಪ್ಲಾಕ್ (ವೈರಸ್ ಕೋಶಗಳನ್ನು ಕೊಂದು ಮಾಡುವ ತೂತು) ಎಣಿಸಿ ಬಂದದ್ದಲ್ಲ, ಕೋಶದೊಳಕ್ಕೆ ಬಂದ ಜೀನೋಮ್‌ಗಳದ್ದು. ಒಂದು ಪ್ಲಾಕ್ ಮಾಡಲು ಹತ್ತಾರು, ಕೆಲವೊಮ್ಮೆ ನೂರಾರು ಕಣ ಬೇಕಾಗುತ್ತವೆ, ಆ ಸಂಖ್ಯೆ ಸ್ಟಾಕಿನಿಂದ ಸ್ಟಾಕಿಗೆ ಬೇರೆ. ಆದ್ದರಿಂದ ಎರಡೂ ಸ್ಟಾಕುಗಳ ಜೀನೋಮ್ ಪ್ರತಿಗಳನ್ನು ಕ್ಯೂಪಿಸಿಆರ್‌ನಲ್ಲಿ ಅಳೆಯಿರಿ. ಡಿಎನ್‌ಎಯಲ್ಲಿ ಗ್ವಾನೀನ್-ಸೈಟೋಸೀನ್ ಪ್ರಮಾಣ ಎಚ್‌ಎಸ್‌ವಿ-1ರಲ್ಲಿ ಶೇ 68, ಎಚ್‌ಎಸ್‌ವಿ-2ರಲ್ಲಿ ಶೇ 70. ಇಷ್ಟು ಬಿಗಿಯಾದ ಡಿಎನ್‌ಎ ಸರಿಯಾಗಿ ಬಿಚ್ಚಿಕೊಳ್ಳದೆ ಪಿಸಿಆರ್ ಎಡವುತ್ತದೆ, ಎರಡೂ ಪ್ರೈಮರ್ ಜೋಡಿಗಳ ದಕ್ಷತೆಯನ್ನು ಬೇರೆಬೇರೆಯಾಗಿ ಪರೀಕ್ಷಿಸದೆ ಅನುಪಾತ ಬರೆಯಬೇಡಿ. ಮೌನ ಜೀನೋಮ್ ನಿಜಕ್ಕೂ ನ್ಯೂಕ್ಲಿಯಸ್ಸಿನಲ್ಲಿದೆಯೇ ಎಂದು ಕಣ್ಣಾರೆ ನೋಡಬೇಕಾದರೆ ಹೊಳೆಯುವ ತುಣುಕು ಅಂಟಿಸಿ ಡಿಎನ್‌ಎ ಗುರುತಿಸುವ ಫಿಶ್ ಪರೀಕ್ಷೆ ಮಾಡಬೇಕು. ಅದು ದುಬಾರಿ, ಅದಕ್ಕೇ ಇಷ್ಟು ಹಿಂದೆ ಇಟ್ಟಿದ್ದೇನೆ.

ಮರಿ ವೈರಸ್‌ಗಳಲ್ಲಿ ಗೊಂದಲ ಬಂದಾಗ

ಕೆಲವರ ತೊಂದರೆ ಕೋಶದಲ್ಲಲ್ಲ, ಅಲ್ಲಿಂದ ಹೊರಬಂದ ಪೀಳಿಗೆಯಲ್ಲಿ. ಒಂದು ಜೀನ್ ತೆಗೆದ ಎಚ್‌ಎಸ್‌ವಿ-1 ತಾನೊಂದೇ ಬೆಳೆಯದು, ಎಚ್‌ಎಸ್‌ವಿ-2ರ ಜೊತೆ ಬೆಳೆಯಿತು. ಇದು ನೆರವೋ, ಬೆರಕೆಯೋ? ನೆರೆಯ ವೈರಸ್ಸಿನ ಪ್ರೋಟೀನು ಎರವಲು ಸಿಕ್ಕಿದ್ದಾದರೆ ಹೊರಬಂದ ಎಚ್‌ಎಸ್‌ವಿ-1 ಜೀನೋಮಿನಲ್ಲಿ ಆ ಕೊರತೆ ಹಾಗೆಯೇ ಇರುತ್ತದೆ. ರಿಕಾಂಬಿನೇಷನ್, ಅಂದರೆ ಎರಡು ಡಿಎನ್‌ಎಗಳ ಬೆರಕೆ, ಆಗಿದ್ದರೆ ಕೊರತೆ ತುಂಬಿರುತ್ತದೆ. ಪೀಳಿಗೆಯನ್ನು ಕಡಿಮೆ ಎಂಒಐಯಲ್ಲಿ ಸಾಮಾನ್ಯ ಕೋಶಗಳ ಮೇಲೂ, ಆ ಜೀನನ್ನು ಒದಗಿಸುವ ಕೋಶಗಳ ಮೇಲೂ ಹಾಕಿ. ಒದಗಿಸುವ ಕೋಶಗಳಲ್ಲಿ ಮಾತ್ರ ಬೆಳೆದ ಎಚ್‌ಎಸ್‌ವಿ-1 ನೆರವಿನಿಂದ ಬಂದದ್ದು.

ಜೋಡಿ ಸೋಂಕಿನಿಂದ ಬಂದ ಕಣ ಎಚ್‌ಎಸ್‌ವಿ-1ರ ಜೀನೋಮನ್ನು ಹೊತ್ತು ಎಚ್‌ಎಸ್‌ವಿ-2ರ ಹೊದಿಕೆ ತೊಟ್ಟಿರಬಹುದು ಎಂಬುದನ್ನೂ ಮರೆಯಬಾರದು. ಅಂಥದ್ದನ್ನು ಆಂಟಿಬಾಡಿಯಿಂದ ತಟಸ್ಥಗೊಳಿಸಿ ಬಗೆ ನಿರ್ಧರಿಸಿದರೆ ಉತ್ತರ ತಪ್ಪುತ್ತದೆ. ಕಡಿಮೆ ಎಂಒಐಯಲ್ಲಿ ಒಂದು ಸುತ್ತು ಬೆಳೆಸಿದರೆ ಹೊದಿಕೆ ಜೀನೋಮಿಗೆ ತಕ್ಕದ್ದಾಗುತ್ತದೆ.

ರಿಕಾಂಬಿನೇಷನ್ ನಡೆಯುವುದೇ ಹೌದು, ಅದೂ ಧಾರಾಳವಾಗಿ. ಒಂದೊಂದು ಜೀನೋಮಿನಿಂದ ನ್ಯೂಕ್ಲಿಯಸ್ಸಿನಲ್ಲಿ ಒಂದೊಂದು ನಕಲು ಕೇಂದ್ರ ಬೆಳೆಯುತ್ತದೆ, ಅವು ದೊಡ್ಡದಾಗಿ ಒಂದಕ್ಕೊಂದು ತಾಗಿ ಕೂಡಿಕೊಂಡಲ್ಲಿ ಎರಡು ಡಿಎನ್‌ಎಗಳು ಬೆರೆಯಲು ಅವಕಾಶವಾಗುತ್ತದೆ. ಆದರೆ ನೀವು ಕಂಡ ಬೆರಕೆ ನಿಜವೇ? ಎರಡು ಬಗೆಯ ಡಿಎನ್‌ಎ ಇರುವ ಟ್ಯೂಬಿನಲ್ಲಿ ಪಿಸಿಆರ್ ಮಾಡಿದರೆ ಅರ್ಧ ನಕಲಾದ ಎಳೆ ಮುಂದಿನ ಸುತ್ತಿನಲ್ಲಿ ಇನ್ನೊಂದು ಬಗೆಯ ಡಿಎನ್‌ಎಗೆ ಅಂಟಿ ಬೆಳೆಯುತ್ತದೆ. ಹೀಗೆ ಟ್ಯೂಬಿನೊಳಗೇ ಬೆರಕೆ ಹುಟ್ಟುತ್ತದೆ. ಇದಕ್ಕೆ ಕಂಟ್ರೋಲ್ ಸುಲಭ: ಬೇರೆಬೇರೆ ವೆಲ್‌ಗಳಲ್ಲಿ ಒಂಟಿಯಾಗಿ ಬೆಳೆಸಿದ ವೈರಸ್‌ಗಳ ಡಿಎನ್‌ಎ ತೆಗೆದು, ತೆಗೆದ ಮೇಲೆ ಬೆರೆಸಿ, ಅದೇ ಪಿಸಿಆರ್ ನಡೆಸಿ. ಅಲ್ಲೂ ಬೆರಕೆ ಕಂಡರೆ ಅದು ಕೋಶದ್ದಲ್ಲ, ಟ್ಯೂಬಿನದು. ಜೊತೆಗೆ ಮೂಲ ಸ್ಟಾಕುಗಳನ್ನು ಸೀಕ್ವೆನ್ಸ್ ಮಾಡಿಸಿರಬೇಕು. ಜನರಲ್ಲಿ ಹರಡಿರುವ ಎಚ್‌ಎಸ್‌ವಿ-2ರ ಅನೇಕ ತಳಿಗಳ ಯುಎಲ್29, ಯುಎಲ್30ರಂಥ ಜೀನ್‌ಗಳಲ್ಲಿ ಎಚ್‌ಎಸ್‌ವಿ-1ರಿಂದ ಎಂದೋ ಬಂದು ಸೇರಿದ ತುಣುಕುಗಳಿವೆ. ನಿನ್ನೆಯ ಪ್ರಯೋಗದಲ್ಲಿ ಹುಟ್ಟಿತೆಂದುಕೊಂಡ ಬೆರಕೆ ಆ ತಳಿಯ ಹಳೆಯ ಆಸ್ತಿಯೇ ಆಗಿರಬಹುದು.

ಬೇರೆ ಜೋಡಿಗಳಿಗೆ ಎರಡು ಮಾತು. ಸೀತಾಳೆ ಸಿಡುಬು ತರುವ, ಹರ್ಪಿಸ್ ಕುಟುಂಬದ ವರಿಸೆಲ್ಲಾ ಜೋಸ್ಟರ್ ವೈರಸ್ ಪ್ರಯೋಗಾಲಯದಲ್ಲಿ ಕೋಶಕ್ಕೇ ಅಂಟಿಕೊಂಡು ಹರಡುವುದರಿಂದ ಸೋಂಕಿತ ಕೋಶಗಳನ್ನೇ ಸುರಿಯಬೇಕಾಗುತ್ತದೆ, ಎಂಒಐ ಲೆಕ್ಕ ಅಲ್ಲಿ ಸಡಿಲ, ಕೋಶಗಳು ಬೆಸೆದುಕೊಳ್ಳುವುದು ಅದರ ಸಹಜ ಗುಣ. ಬೆಳವಣಿಗೆಯೂ ಎಚ್‌ಎಸ್‌ವಿಗಿಂತ ನಿಧಾನ. ಇಷ್ಟಾದರೂ ಅದು ಮತ್ತು ಎಚ್‌ಎಸ್‌ವಿ-1 ಒಂದೇ ಮಾನವ ನರಕೋಶದಲ್ಲಿ, ಒಟ್ಟಿಗೆ ಬಂದರೂ ಒಂದರ ಹಿಂದೆ ಒಂದು ಬಂದರೂ, ಬೆಳೆಯಬಲ್ಲವು ಎಂದು 2014ರಲ್ಲಿ ವರದಿಯಾಗಿದೆ. ನಂಟು ಇದ್ದ ಮಾತ್ರಕ್ಕೆ ತಡೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಹರ್ಪಿಸ್ ಕುಟುಂಬದವೇ ಆದ ಎಪ್‌ಸ್ಟೀನ್-ಬಾರ್ ಮತ್ತು ಕಪೋಸಿ ಸಾರ್ಕೋಮಾ ವೈರಸ್ ಎರಡೂ ಇರುವ ಲಿಂಫೋಮಾ ಕೋಶಗಳಲ್ಲಿ ಪ್ರಶ್ನೆ ಪ್ರವೇಶದ್ದಲ್ಲ, ಸುಪ್ತವಾಗಿರುವ ವೈರಸ್ ಎಚ್ಚರವಾಗುವುದರದ್ದು: ಒಂದನ್ನು ಎಬ್ಬಿಸುವ ಜೀಟಾ ಮತ್ತು ಇನ್ನೊಂದನ್ನು ಎಬ್ಬಿಸುವ ಆರ್‌ಟಿಎ ಪ್ರೋಟೀನುಗಳು ಪರಸ್ಪರ ಅದುಮುತ್ತವೆ. ಅಲ್ಲಿ ಒಂದು ವೈರಸ್ ಕಾಣದಿದ್ದರೆ ಮೊದಲು ನೋಡಬೇಕಾದ್ದು ಎಬ್ಬಿಸಲು ಬಳಸಿದ ರಾಸಾಯನಿಕ ಯಾವುದು ಎಂಬುದನ್ನು.

ಪ್ರಯೋಗ ಮುಗಿದ ಮೇಲೆ ಉಳಿಯುವ ಬೆರಕೆ ದ್ರವವನ್ನು ಏನು ಮಾಡುತ್ತೀರಿ ಎಂಬುದೂ ದೋಷ ನಿವಾರಣೆಯ ಭಾಗವೇ. 2012ರಲ್ಲಿ ಆಸ್ಟ್ರೇಲಿಯಾದ ಕೋಳಿಗಳಲ್ಲಿ, ದುರ್ಬಲಗೊಳಿಸಿದ ಲಸಿಕೆಯ ಹರ್ಪಿಸ್ ತಳಿಗಳು ಪರಸ್ಪರ ಬೆರೆತು ಮತ್ತೆ ರೋಗ ತರುವ ವೈರಸ್ ಹುಟ್ಟಿದ್ದು ದಾಖಲಾಗಿದೆ. ಜೋಡಿ ಸೋಂಕಿನ ದ್ರವದಲ್ಲಿ ಇಂಥ ಬೆರಕೆಗಳು ಇರುತ್ತವೆ ಎಂದೇ ಭಾವಿಸಿ, ಜೈವಿಕ ಸುರಕ್ಷತಾ ಸಮಿತಿ ಒಪ್ಪಿದ ಮಟ್ಟದಲ್ಲೇ ಕೆಲಸ ಮಾಡಿ, ಅದನ್ನು ಎಂದೂ ಹೊಸ ಸ್ಟಾಕ್ ಬೆಳೆಸಲು ಬಳಸಬೇಡಿ. ಒಂಟಿ ಸ್ಟಾಕುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಪ್ರತಿ ಹೊಸ ಬ್ಯಾಚ್ ಬೆಳೆಸಿದಾಗಲೂ ಬಗೆ ಗುರುತಿಸುವ ಪಿಸಿಆರ್‌ನಿಂದ ಇನ್ನೊಂದು ಬಗೆ ಸೇರಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಟೈಟರ್ ಅಳೆಯಿರಿ.